ಹಳೇ ಸಂಕ ಕೀಳುವ ಮೊದಲು: ಕಚೇರಿಯ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವ ಬಗೆ

ನಮ್ಮ ಕಡೆ ಮಳೆ ಹಿಡಿಯುವ ಮೊದಲು ಹಳ್ಳಕ್ಕೆ ಹೊಸ ಸಂಕ ಹಾಕುತ್ತಾರೆ. ನಾಲ್ಕಾರು ಅಡಿಕೆ ಮರ ಜೋಡಿಸಿ ಕಟ್ಟಿದರೆ ಸಂಕ ಆಯಿತು. ಆದರೆ ಹಳೆಯದನ್ನು ಕಿತ್ತು ಅದೇ ಜಾಗದಲ್ಲಿ ಹೊಸದು ಹಾಕುವವರನ್ನು ನಾನು ನೋಡಿಲ್ಲ. ಪಕ್ಕದಲ್ಲೇ ಹಾಕುತ್ತಾರೆ. ಮೊದಲು ಒಬ್ಬರು ಬರಿಗೈಯಲ್ಲಿ ದಾಟಿ ನೋಡುತ್ತಾರೆ. ಆಮೇಲೆ ಸೊಪ್ಪಿನ ಹೊರೆ ಹೊತ್ತವರು ದಾಟುತ್ತಾರೆ. ಹಳೇ ಸಂಕ ಇನ್ನೂ ಸುಮಾರು ದಿನ ಅಲ್ಲೇ ಇರುತ್ತದೆ.

ಸಾಫ್ಟ್‌ವೇರ್ ಅಪ್‌ಗ್ರೇಡ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಈ ಸಂಕದಲ್ಲೇ ಇದೆ. ಇನ್ನರ್ಧ ಪೆಟ್ಟು ತಿಂದು ಕಲಿತದ್ದು.

ನಾನು ಶಿವಮೊಗ್ಗದಲ್ಲಿ ಒಂದು ಸಹಕಾರ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಶಾಖೆಗಳಿವೆ. ಸಾಲ, ಠೇವಣಿ, ಅಡಿಕೆ ಮಂಡಿಯ ಬಿಲ್ಲು, ಗೊಬ್ಬರದ ಸ್ಟಾಕು ಎಲ್ಲ ಒಂದೇ ಸಾಫ್ಟ್‌ವೇರ್‌ನಲ್ಲಿ. ನೋಡಿಕೊಳ್ಳುವವರು ಇಬ್ಬರೇ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಬೇರೆ ತಂಡ ಇರುತ್ತದೆ. ನಮ್ಮ ಹಾಗೆ ಒಬ್ಬರೋ ಇಬ್ಬರೋ ಇರುವ ಕಚೇರಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು?

ಆಡಳಿತ ಮಂಡಳಿಯ ಸಭೆಯಲ್ಲಿ ಮೊದಲು ಬರುವ ಪ್ರಶ್ನೆ ಇದೇ. ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರ ಹೇಳಲು ತಾರೀಖುಗಳೇ ಸಾಕು. ಲೆಕ್ಕವೆಲ್ಲ ತುಂಬಿಡುವ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ 5.7ಕ್ಕೆ ತಯಾರಕರ ಬೆಂಬಲ ನಿಂತದ್ದು 2023ರ ಅಕ್ಟೋಬರ್‌ನಲ್ಲಿ. ಸರ್ವರ್‌ಗಳಲ್ಲಿ ಓಡುವ ಲಿನಕ್ಸ್ ಆದ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ. ಶಾಖೆಗಳಲ್ಲಿ ಈಗಲೂ ಕಾಣುವ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ನಿಂತಿತು ಅಂದರೆ ಮರುದಿನ ಸಾಫ್ಟ್‌ವೇರ್ ಕೆಡುವುದಿಲ್ಲ. ಕಳ್ಳರು ನುಗ್ಗುವಂಥ ತೂತು ಹೊಸದಾಗಿ ಕಂಡರೆ ಮುಚ್ಚುವವರು ಇರುವುದಿಲ್ಲ, ಅಷ್ಟೇ. ಜನರ ದುಡ್ಡು ಇಟ್ಟುಕೊಂಡವರು ಅಂಥ ತೂತಿನ ಜೊತೆ ವರ್ಷಗಟ್ಟಲೆ ಕೂರುವಂತಿಲ್ಲ.

ಇನ್ನೊಂದು ಕಾರಣ ಹೇಳಿದರೆ ಮಂಡಳಿಯವರಿಗೆ ಬೇಗ ಅರ್ಥವಾಗುತ್ತದೆ. ತಡ ಮಾಡಿದಷ್ಟೂ ದಾಟಬೇಕಾದ ಹಳ್ಳ ಅಗಲವಾಗುತ್ತದೆ. ಮೈಎಸ್‌ಕ್ಯೂಎಲ್ 5.6ರಲ್ಲಿ ಇದ್ದವರು ನೇರ 8.0ಕ್ಕೆ ನೆಗೆಯುವಂತಿಲ್ಲ, ನಡುವೆ 5.7ರಲ್ಲಿ ಕಾಲಿಟ್ಟೇ ಹೋಗಬೇಕು. 5.7ರಿಂದ 8.4ಕ್ಕೂ ಹಾಗೆಯೇ, 8.0 ದಾಟಿಯೇ ಹೋಗಬೇಕು. ಎರಡು ಮೆಟ್ಟಿಲು ಬಾಕಿ ಇಟ್ಟುಕೊಂಡವರಿಗೆ ಕೆಲಸ ಎರಡು ಪಟ್ಟಲ್ಲ, ಅದಕ್ಕೂ ಜಾಸ್ತಿ.

ಮೂರು ಜಾಗ, ಒಂದೊಂದಕ್ಕೆ ಒಂದೊಂದು ಕೆಲಸ

ಡೆವಲಪ್‌ಮೆಂಟ್ ಅಂದರೆ ಹೊಸದನ್ನು ಮೊದಲು ಹಾಕಿ ನೋಡುವ ನಮ್ಮ ಅಡುಗೆಮನೆ. ಇಲ್ಲಿ ಒಡೆದರೂ ಚೆಲ್ಲಿದರೂ ಯಾರೂ ಕೇಳುವುದಿಲ್ಲ. ಪ್ರೊಡಕ್ಷನ್ ಅಂದರೆ ಜನ ಊಟಕ್ಕೆ ಕೂತ ಪಂಕ್ತಿ, ಶಾಖೆಗಳು ದಿನಾ ಬಳಸುವ ಸರ್ವರ್. ಕಚೇರಿಯಲ್ಲಿ ಎಲ್ಲರೂ ಅದನ್ನು ‘ಲೈವ್’ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಎರಡರ ನಡುವೆ ಟೆಸ್ಟ್. ಇದರ ಬೆಲೆ ನಿಂತಿರುವುದು ಒಂದೇ ವಿಷಯದ ಮೇಲೆ: ಅದು ಲೈವ್‌ನ ಹಾಗೆ ಎಷ್ಟರ ಮಟ್ಟಿಗೆ ಇದೆ?

ಬಹಳ ಕಡೆ ಟೆಸ್ಟ್ ಸರ್ವರ್ ಅಂದರೆ ಲೈವ್‌ನಿಂದ ನಿವೃತ್ತಿಯಾದ ಹಳೇ ಡಬ್ಬ. ಅದರಲ್ಲಿ ಬೇರೆ ಆವೃತ್ತಿ, ಬೇರೆ ಸೆಟ್ಟಿಂಗು, ಮೂರು ವರ್ಷ ಹಳೇ ಡೇಟಾ. ಅಲ್ಲಿ ಪಾಸಾದದ್ದು ಲೈವ್‌ನಲ್ಲೂ ಪಾಸಾಗುತ್ತದೆ ಅಂತ ನಂಬಲು ಕಾರಣವೇ ಇಲ್ಲ.

ಆದ್ದರಿಂದ ಮೊದಲ ಕೆಲಸ, ಮೂರೂ ಕಡೆಯ ಜಾತಕ ಬರೆಯುವುದು. ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಜಾವಾ ಅಥವಾ ಪಿಎಚ್‌ಪಿ, ವೆಬ್ ಸರ್ವರ್, ನಮ್ಮ ಅಪ್ಲಿಕೇಶನ್ ಎಲ್ಲದರ ಆವೃತ್ತಿ ಒಂದು ಹಾಳೆಯಲ್ಲಿ ಇರಲಿ. ಅದರ ಕೆಳಗೆ ರಾತ್ರಿ ತಾನಾಗಿ ಓಡುವ ಕೆಲಸಗಳು: ಬಡ್ಡಿ ಲೆಕ್ಕ, ಬ್ಯಾಕಪ್, ಎಸ್‌ಎಂಎಸ್. ಅದರ ಕೆಳಗೆ ಹೊರಗಿನ ನಂಟುಗಳು: ಬ್ಯಾಂಕಿಗೆ ಹೋಗುವ ಫೈಲು, ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಶಾಖೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಕೊನೆಯದಾಗಿ, ಲೈವ್ ಸರ್ವರ್‌ನಲ್ಲಿ ಯಾವತ್ತೋ ಕೈಯಿಂದ ತಿದ್ದಿ ಯಾರಿಗೂ ಹೇಳದೆ ಬಿಟ್ಟ ಬದಲಾವಣೆಗಳು. ಇವನ್ನು ಹುಡುಕಲು ಕಾನ್ಫಿಗ್ ಫೈಲುಗಳನ್ನು ಟೆಸ್ಟ್‌ನದರ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಬೇಕು. ನಾನು ಹಾಗೆ ಹುಡುಕಿದಾಗ ಸಿಕ್ಕ ತಿದ್ದುಪಡಿಗಳಲ್ಲಿ ಹೆಚ್ಚಿನವು ನನ್ನವೇ ಆಗಿದ್ದವು.

ಟೆಸ್ಟ್‌ಗೆ ಲೈವ್ ಡೇಟಾ ಇಳಿಸುವಾಗ

ಲೈವ್‌ನ ಬ್ಯಾಕಪ್ ತಂದು ಟೆಸ್ಟ್‌ನಲ್ಲಿ ರಿಸ್ಟೋರ್ ಮಾಡುವುದು ಒಳ್ಳೆಯ ಅಭ್ಯಾಸ. ಒಂದೇ ಏಟಿಗೆ ಎರಡು ಕೆಲಸ ಆಗುತ್ತದೆ: ಬ್ಯಾಕಪ್ ನಿಜವಾಗಿ ತೆರೆಯುತ್ತದೆ ಅಂತ ಗೊತ್ತಾಗುತ್ತದೆ, ನಿಜವಾದ ಡೇಟಾ ಮೇಲೆ ಪರೀಕ್ಷೆಯೂ ಆಗುತ್ತದೆ. ಆದರೆ ಇಲ್ಲೇ ನಾನು ಮೊದಲ ಸಲ ಮುಖಭಂಗ ಮಾಡಿಕೊಂಡದ್ದು.

ಡೇಟಾ ಇಳಿಸಿದೆ. ಅಪ್ಲಿಕೇಶನ್ ಶುರು ಮಾಡಿದೆ. ಸಾಲ ತೀರುವಳಿಯ ಪರದೆ ಸರಿ ಇದೆಯಾ ಅಂತ ನೋಡಲು ಯಾವುದೋ ಒಂದು ಖಾತೆ ತೆಗೆದು, ಸುಮ್ನೆ ಪೂರ್ತಿ ಕಟ್ಟಿದ ಹಾಗೆ ಎಂಟ್ರಿ ಹಾಕಿದೆ. ಮರುದಿನ ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಒಬ್ಬರು ಹಿರಿಯರು ಶಾಖೆಗೆ ಬಂದು ಕೂತಿದ್ದರು. ಮ್ಯಾನೇಜರ್ ನನಗೆ ಫೋನ್ ಹಚ್ಚಿ ಅವರ ಕೈಗೇ ಕೊಟ್ಟರು.

“ನನ್ನ ಸಾಲ ತೀರಿದೆ ಅಂತ ಮೆಸೇಜ್ ಬಂದಿದೆಯಲ್ಲ ಮಾರಾಯ್ರೆ, ಕಟ್ಟಿದ್ದು ಯಾರು?”

ಟೆಸ್ಟ್ ಸರ್ವರ್‌ನಲ್ಲಿ ಎಸ್‌ಎಂಎಸ್ ಕಳಿಸುವ ಕೀಲಿ ಲೈವ್‌ನದೇ ಇತ್ತು. ಡೇಟಾ ಜೊತೆ ಸೆಟ್ಟಿಂಗ್ ಕೂಡ ಇಳಿದು ಬಂದಿತ್ತು. ಅವರು ನಕ್ಕು ಬಿಟ್ಟರು, ನನ್ನ ಪುಣ್ಯ.

ಅವತ್ತಿನಿಂದ ಕ್ರಮ ಬದಲಾಯಿತು. ಡೇಟಾ ಇಳಿದ ಮೇಲೆ, ಅಪ್ಲಿಕೇಶನ್ ಶುರು ಮಾಡುವ ಮೊದಲು, ಒಂದು ಸ್ಕ್ರಿಪ್ಟ್ ಓಡಬೇಕು. ಅದು ಎಲ್ಲ ಮೊಬೈಲ್ ನಂಬರನ್ನು ನಮ್ಮಿಬ್ಬರ ನಂಬರಿಗೆ ಬದಲಿಸುತ್ತದೆ. ಇಮೇಲ್ ವಿಳಾಸ ಅಳಿಸುತ್ತದೆ. ಎಸ್‌ಎಂಎಸ್ ಕೀಲಿ, ಬ್ಯಾಂಕ್ ಫೈಲಿನ ದಾರಿ ಎರಡನ್ನೂ ಖಾಲಿ ಮಾಡುತ್ತದೆ. ಆಧಾರ್ ನಂಬರ್, ವಿಳಾಸಗಳನ್ನು ಕಲಸಿಬಿಡುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂದದ್ದು 2023ರಲ್ಲಿ. ಕಾಯ್ದೆ ಇಲ್ಲದಿದ್ದರೂ ರೈತರ ಆಧಾರ್ ನಂಬರು ಟೆಸ್ಟ್ ಡಬ್ಬದಲ್ಲಿ ಬಿದ್ದಿರುವುದು ಸರಿಯಲ್ಲ, ಅಲ್ವಾ? ಇಷ್ಟು ಸಾಲದು ಅಂತ ಟೆಸ್ಟ್ ಸರ್ವರ್‌ನಿಂದ ಹೊರಗಿನ ಇಂಟರ್‌ನೆಟ್‌ಗೆ ಹೋಗುವ ದಾರಿಯನ್ನೂ ಫೈರ್‌ವಾಲ್‌ನಲ್ಲಿ ಮುಚ್ಚಿದ್ದೇನೆ. ಪರದೆಯ ಮೇಲ್ಪಟ್ಟಿ ಟೆಸ್ಟ್‌ನಲ್ಲಿ ಹಳದಿ, ಲೈವ್‌ನಲ್ಲಿ ಕೆಂಪು. ಸಣ್ಣ ವಿಷಯ, ಆದರೆ ರಾತ್ರಿ ಹನ್ನೊಂದಕ್ಕೆ ಕಣ್ಣು ಎಳೆಯುವಾಗ ಇದರಷ್ಟು ಉಪಕಾರ ಇನ್ನೊಂದಿಲ್ಲ.

ಅಡುಗೆಮನೆಯಲ್ಲೇ ಒಡೆಯಲಿ

ಹೊಸ ಆವೃತ್ತಿಯ ಜೊತೆ ಬರುವ ಬದಲಾವಣೆಗಳ ಪಟ್ಟಿಯನ್ನು ಪೂರ್ತಿ ಓದಿ. ಹೊಸ ಸೌಲಭ್ಯಗಳ ಭಾಗ ಬಿಟ್ಟರೂ ಪರವಾಗಿಲ್ಲ. ‘ತೆಗೆದುಹಾಕಿದ್ದು’, ‘ನಡವಳಿಕೆ ಬದಲಾದದ್ದು’ ಅನ್ನುವ ಭಾಗಗಳನ್ನು ಮಾತ್ರ ಎರಡು ಸಲ ಓದಿ. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕರ್ ಅಂತ ಒಂದು ಸೌಲಭ್ಯವೇ ಇದೆ. ಹಳೇ ಡೇಟಾಬೇಸ್ ಮೇಲೆ ಓಡಿಸಿದರೆ ಎಲ್ಲೆಲ್ಲಿ ತೊಡಕಿದೆ ಅಂತ ಪಟ್ಟಿ ಕೊಡುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಅದರದೇ ಉಪಕರಣ ಪಿಜಿ ಅಪ್‌ಗ್ರೇಡ್‌ನಲ್ಲಿ ಬರೀ ತಪಾಸಣೆ ಮಾಡುವ ಆಯ್ಕೆ ಇದೆ, ಅದು ಡೇಟಾ ಮುಟ್ಟುವುದಿಲ್ಲ.

ಆದರೆ ಚೆಕರ್ ಎಲ್ಲವನ್ನೂ ಹಿಡಿಯುವುದಿಲ್ಲ. ನಾವು 5.7ರಿಂದ 8.0ಕ್ಕೆ ಹೋದಾಗ ಸಿಕ್ಕ ನಾಲ್ಕು ವಿಷಯ ಹೇಳುತ್ತೇನೆ.

ಮೊದಲನೆಯದು ನಗು ತರಿಸುವಂಥದ್ದು. ಸ್ವಸಹಾಯ ಗುಂಪುಗಳ ವಿವರ ಇದ್ದ ಟೇಬಲ್ಲಿಗೆ ಹಿಂದಿನವರು ‘ಗ್ರೂಪ್ಸ್’ ಅಂತ ಹೆಸರಿಟ್ಟಿದ್ದರು. 8.0ರಲ್ಲಿ ಅದು ಡೇಟಾಬೇಸ್ ತನಗೇ ಕಾಯ್ದಿರಿಸಿಕೊಂಡ ಪದ. ಗುಂಪಿನ ಸಾಲದ ಪರದೆಗಳೆಲ್ಲ ಒಮ್ಮೆಲೇ ನಿಂತವು. ಡೆವಲಪ್‌ಮೆಂಟ್‌ನಲ್ಲೇ ಸಿಕ್ಕಿತು, ಅರ್ಧ ದಿನದ ಕೆಲಸ.

ಎರಡನೆಯದು ಹೆಚ್ಚು ಕಳ್ಳ. ಹಳೇ ಆವೃತ್ತಿಯಲ್ಲಿ ಊರುವಾರು ಮೊತ್ತ ಕೇಳಿದರೆ ಉತ್ತರ ತಾನಾಗಿ ಊರಿನ ಅನುಕ್ರಮದಲ್ಲಿ ಬರುತ್ತಿತ್ತು. 8.0ರಲ್ಲಿ ಗುಂಪು ಮಾಡುವುದು ಬೇರೆ, ಜೋಡಿಸುವುದು ಬೇರೆ. ಜೋಡಿಸು ಅಂತ ಹೇಳದಿದ್ದರೆ ಜೋಡಿಸುವುದಿಲ್ಲ. ಎರರ್ ಬರಲಿಲ್ಲ. ಮೊತ್ತವೂ ಸರಿ ಇತ್ತು. ಪಟ್ಟಿ ಮಾತ್ರ ಕಲಸಿಹೋಗಿತ್ತು. ಇದನ್ನು ಹಿಡಿದದ್ದು ನಾವಲ್ಲ, ಟೆಸ್ಟ್ ಮಾಡಲು ಬಂದ ಕ್ಯಾಶಿಯರ್ ಮೇಡಂ. “ಸರ್, ಆಗುಂಬೆ ಆದಮೇಲೆ ಸೀದಾ ಹುಂಚಕ್ಕೆ ಹೋಗಿದೆ, ಆಮೇಲೆ ಮತ್ತೆ ಅರಗಕ್ಕೆ ಬಂದಿದೆ. ಎಂತ ಇದು?”

ಮೂರನೆಯದು ತಕ್ಕಡಿಯದು. ಮಂಡಿಯ ತಕ್ಕಡಿಯಿಂದ ತೂಕ ಓದಿ ಡೇಟಾಬೇಸ್‌ಗೆ ಹಾಕುವ ಪುಟ್ಟ ಪ್ರೋಗ್ರಾಂ ಹಳೆಯದು. 8.0ರಲ್ಲಿ ಹೊಸದಾಗಿ ಮಾಡಿದ ಯೂಸರ್‌ಗೆ ಪಾಸ್‌ವರ್ಡ್ ಪರಿಶೀಲಿಸುವ ವಿಧಾನವೇ ಬೇರೆ. ಆ ಪ್ರೋಗ್ರಾಂಗೆ ಅದು ಗೊತ್ತಿರಲಿಲ್ಲ, ಬಾಗಿಲಲ್ಲೇ ನಿಂತಿತು.

ನಾಲ್ಕನೆಯದು ಕನ್ನಡದ್ದೇ ಕಥೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಕನ್ನಡ ಅಕ್ಷರ ಎಲ್ಲಿ ಒಡೆಯುತ್ತದೆ

ನಮ್ಮ ಕಚೇರಿಗಳ ಹಳೇ ಡೇಟಾದಲ್ಲಿ ಮೂರು ಥರದ ಕನ್ನಡ ಇರುತ್ತದೆ. ಒಂದು, ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಹೊಡೆದದ್ದು. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿದ್ದು. ಫಾಂಟ್ ಇದ್ದರೆ ಹೆಸರು ಕಾಣುತ್ತದೆ, ಇಲ್ಲದಿದ್ದರೆ ಕಲಸುಮೇಲೋಗರ. ಎರಡು, ಸರಿಯಾದ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. ಮೂರು, ಯುನಿಕೋಡ್ ಹೌದು, ಆದರೆ ಯುರೋಪಿನ ಅಕ್ಷರಗಳಿಗೆ ಮಾತ್ರ ಇರುವ ಲ್ಯಾಟಿನ್-1 ಅಂತ ಬೋರ್ಡು ಹಾಕಿದ ಡಬ್ಬದಲ್ಲಿ ತುಂಬಿದ್ದು.

ಈ ಮೂರನೆಯದೇ ಅಪಾಯ. ಹಳೇ ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಹೇಳದಿದ್ದರೆ ಅಕ್ಷರಗಳ ಲೆಕ್ಕ ಲ್ಯಾಟಿನ್-1. ಹಾಕುವಾಗಲೂ ತಪ್ಪು, ತೆಗೆಯುವಾಗಲೂ ಅದೇ ತಪ್ಪು. ಎರಡು ತಪ್ಪು ಸೇರಿ ಪರದೆಯಲ್ಲಿ ಸರಿಯಾಗೇ ಕಾಣುತ್ತದೆ. 8.0ರಲ್ಲಿ ಆ ಲೆಕ್ಕ ಯುನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್‌8-ಎಂಬಿ4ಗೆ ಬದಲಾಯಿತು. ತೆಗೆಯುವ ಕಡೆಯ ತಪ್ಪು ಸರಿಹೋಗುತ್ತದೆ, ಹಾಕಿದ ತಪ್ಪು ಹಾಗೇ ಉಳಿಯುತ್ತದೆ. ಸದಸ್ಯರ ಹೆಸರೆಲ್ಲ ಚಿತ್ರಲಿಪಿ. ಸಾಫ್ಟ್‌ವೇರ್ ಕೆಟ್ಟಿತು ಅಂತ ಎಲ್ಲರೂ ಗಾಬರಿ ಬೀಳುತ್ತಾರೆ. ಡೇಟಾ ಹಾಗೇ ಇರುತ್ತದೆ, ಆದರೆ ಆ ಗಾಬರಿಯಲ್ಲಿ ಯಾರಾದರೂ ಹೆಸರು ತಿದ್ದಿ ಸೇವ್ ಮಾಡಿದರೆ ನಿಜವಾಗಲೂ ಕೆಡುತ್ತದೆ.

ಉದ್ದದ್ದೂ ಒಂದು ತಕರಾರು. ‘ಶಿವಮೊಗ್ಗ’ ಅಂತ ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ 8. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್, ಅಂದರೆ 24 ಬೈಟ್. ಕೆಲವು ಪ್ರೋಗ್ರಾಂ ಅಕ್ಷರ ಎಣಿಸುತ್ತವೆ, ಕೆಲವು ಬೈಟ್ ಎಣಿಸುತ್ತವೆ. ಇಪ್ಪತ್ತು ಬೈಟಿಗೆ ಕತ್ತರಿಸುವ ಫೈಲಿನಲ್ಲಿ ಊರಿನ ಬಾಲವೇ ಹಾರಿಹೋಗುತ್ತದೆ. ಆದ್ದರಿಂದ ಪರೀಕ್ಷೆಗೆ ‘ರಮೇಶ’ ಸಾಲದು. ಒತ್ತಕ್ಷರ, ವಟ್ರಸುಳಿ, ಅರ್ಕಾವತ್ತು ಇರುವ ಉದ್ದ ಹೆಸರು ಹಾಕಿ: ಉಂಬ್ಳೇಬೈಲು, ಮೃಗವಧೆ, ನಿಟ್ಟೂರು, ಅರ್ಚನಾ. ಹುಡುಕಿ ನೋಡಿ, ಅನುಕ್ರಮ ನೋಡಿ, ಪ್ರಿಂಟ್ ತೆಗೆದು ನೋಡಿ, ಎಕ್ಸೆಲ್‌ಗೆ ಕಳಿಸಿ ನೋಡಿ.

ಪೋಸ್ಟ್‌ಗ್ರೆಸ್ ಬಳಸುವವರಿಗೆ ಇದರ ತಮ್ಮನಂಥ ಇನ್ನೊಂದು ತೊಂದರೆ ಇದೆ. ಅಕ್ಷರಗಳ ಅನುಕ್ರಮವನ್ನು ಅದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ಜೊತೆ ಬರುವ ಜಿಲಿಬ್‌ಸಿ ಅನ್ನುವ ಮೂಲ ಲೈಬ್ರರಿಯಿಂದ ಕೇಳಿಕೊಳ್ಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಅನುಕ್ರಮ ಬದಲಾಯಿತು. ಹಳೇ ಲಿನಕ್ಸ್‌ನ ಡೇಟಾ ಫೋಲ್ಡರನ್ನು ಹಾಗೇ ಎತ್ತಿ ಹೊಸ ಲಿನಕ್ಸ್‌ನಲ್ಲಿ ಇಟ್ಟರೆ ಬೇಗ ಹುಡುಕಲು ಕಟ್ಟಿಟ್ಟ ಸೂಚಿ, ಅಂದರೆ ಇಂಡೆಕ್ಸ್, ಹಳೇ ಅನುಕ್ರಮದಲ್ಲಿ ಇರುತ್ತದೆ, ಹುಡುಕುವವನು ಹೊಸ ಅನುಕ್ರಮದಲ್ಲಿ ಹುಡುಕುತ್ತಾನೆ. ಇರುವ ಖಾತೆಯೇ ‘ಇಲ್ಲ’ ಅಂತ ಬರಬಹುದು. ಅಕ್ಷರದ ಮೇಲಿನ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಿಸಿದರೆ ಸರಿ.

ಒಂದು ಸಲಕ್ಕೆ ಒಂದೇ

ಹೇಗೂ ಸರ್ವರ್ ನಿಲ್ಲಿಸುತ್ತೇವಲ್ಲ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಅಪ್ಲಿಕೇಶನ್ ಮೂರನ್ನೂ ಒಟ್ಟಿಗೆ ಮುಗಿಸೋಣ ಅನ್ನುವ ಆಸೆ ಬರುತ್ತದೆ. ಬೇಡ. ಕೆಟ್ಟರೆ ಕಾರಣ ಯಾವುದು ಅಂತ ಹುಡುಕುವುದರಲ್ಲೇ ಬೆಳಗಾಗುತ್ತದೆ. ನಡುವೆ ಎರಡು ವಾರ ಬಿಟ್ಟು ಒಂದೊಂದೇ ಮಾಡಿ.

ಅಪ್ಲಿಕೇಶನ್ನೇ ಡೇಟಾಬೇಸ್‌ನ ಆಕಾರ ಬದಲಿಸುವಂತಿದ್ದರೆ ಅಲ್ಲಿ ಸಂಕದ ನಿಯಮ ನೇರವಾಗಿ ಕೂರುತ್ತದೆ. ಹಳೇ ಕಾಲಂ ಅಳಿಸಬೇಡಿ. ಪಕ್ಕದಲ್ಲಿ ಹೊಸದು ಸೇರಿಸಿ. ಒಂದಷ್ಟು ದಿನ ಎರಡಕ್ಕೂ ಬರೆಯಿರಿ. ಓದುವುದನ್ನು ಹೊಸದಕ್ಕೆ ತಿರುಗಿಸಿ. ಒಂದು ತಿಂಗಳ ಲೆಕ್ಕ ಮುಗಿದ ಮೇಲೆ, ಮುಂದಿನ ಬಿಡುಗಡೆಯಲ್ಲಿ, ಹಳೆಯದನ್ನು ತೆಗೆಯಿರಿ. ಹೀಗೆ ಮಾಡಿದರೆ ನಡುವೆ ಯಾವ ದಿನ ಬೇಕಾದರೂ ಹಳೇ ಅಪ್ಲಿಕೇಶನ್‌ಗೆ ವಾಪಸು ಬರಬಹುದು.

ಟೆಸ್ಟ್‌ನಲ್ಲಿ ಪೂರ್ತಿ ತಾಲೀಮು

ಯಕ್ಷಗಾನದವರಿಗೆ ತಾಲೀಮು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕೈಲಿ ಗಡಿಯಾರ ಹಿಡಿದು, ಲೈವ್‌ನಲ್ಲಿ ಮಾಡುವುದನ್ನೆಲ್ಲ ಅದೇ ಕ್ರಮದಲ್ಲಿ ಟೆಸ್ಟ್‌ನಲ್ಲಿ ಮಾಡಬೇಕು. ಮಾಡುತ್ತಾ ಪ್ರತಿ ಹೆಜ್ಜೆಗೂ ಹಿಡಿದ ಸಮಯ ಬರೆಯಬೇಕು. ನೆನಪಿನಿಂದ ಯಾವ ಕಮಾಂಡೂ ಹೊಡೆಯಬಾರದು. ಹಾಳೆಯಲ್ಲಿ ಇದ್ದದ್ದನ್ನೇ ಹೊಡೆಯಬೇಕು, ಇಲ್ಲದಿದ್ದರೆ ಮೊದಲು ಹಾಳೆಗೆ ಸೇರಿಸಬೇಕು. ನಾನು ಮೂರು ಸಲ ಮಾಡುತ್ತೇನೆ. ಮೂರನೇ ಸಲ ನಾನು ಮುಟ್ಟುವುದಿಲ್ಲ, ಜೊತೆಯವರು ಹಾಳೆ ನೋಡಿಕೊಂಡು ಒಬ್ಬರೇ ಮಾಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಹಾಳೆ ಸರಿಯಿಲ್ಲ ಅಂತ ಅರ್ಥ.

ವಾಪಸು ಬರುವ ತಾಲೀಮು ಬೇರೆ. ಅದನ್ನು ಬಹಳ ಜನ ಮಾಡುವುದೇ ಇಲ್ಲ. ‘ಕೆಟ್ಟರೆ ಬ್ಯಾಕಪ್ ಹಾಕಿದರಾಯಿತು’ ಅನ್ನುವ ಒಂದೇ ಸಾಲು ಬರೆದು ಬಿಡುತ್ತಾರೆ. ಹಾಕಲು ಎಷ್ಟು ಹೊತ್ತು? ಯಾರು ಹಾಕುತ್ತಾರೆ? ಹಳೇ ಆವೃತ್ತಿಯ ಇನ್‌ಸ್ಟಾಲರ್ ಎಲ್ಲಿದೆ? ಮೈಎಸ್‌ಕ್ಯೂಎಲ್ 8.0ಕ್ಕೆ ಹತ್ತಿದ ಡೇಟಾ ಫೋಲ್ಡರನ್ನು 5.7 ಮತ್ತೆ ತೆರೆಯುವುದಿಲ್ಲ, ಅಪ್‌ಗ್ರೇಡ್‌ಗೆ ಮೊದಲಿನ ಬ್ಯಾಕಪ್ಪೇ ಗತಿ. ಪೋಸ್ಟ್‌ಗ್ರೆಸ್‌ನಲ್ಲಿ ಸಮಯ ಉಳಿಸಲು, ಡೇಟಾ ನಕಲು ಮಾಡದೆ ಹಳೇ ಫೈಲುಗಳನ್ನೇ ಬಳಸುವ ಲಿಂಕ್ ವಿಧಾನದಲ್ಲಿ ಹೋಗಿ ಹೊಸ ಸರ್ವರ್ ಒಮ್ಮೆ ಶುರು ಮಾಡಿದರೂ ಅಷ್ಟೇ, ಹಳೆಯದನ್ನು ಮತ್ತೆ ನಂಬಿ ಎಬ್ಬಿಸುವಂತಿಲ್ಲ. ಅದಕ್ಕೇ ನನ್ನ ಹಾಳೆಯಲ್ಲಿ ಮೊದಲು ಬರೆಯುವುದು ವಾಪಸು ಬರುವ ಹೆಜ್ಜೆಗಳನ್ನು. ಹೋಗುವ ಹೆಜ್ಜೆ ಆಮೇಲೆ.

ಬ್ಯಾಕಪ್ ವಿಷಯದಲ್ಲಿ, ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಕಥೆ ನೆನಪಿಡಿ. 2017ರ ಜನವರಿ 31ರಂದು ಅವರ ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಅಂದುಕೊಂಡು ಲೈವ್ ಡೇಟಾಬೇಸ್‌ನ ಫೋಲ್ಡರನ್ನೇ ಅಳಿಸಿದರು. ಬ್ಯಾಕಪ್ ನೋಡಿದರೆ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಉಪಕರಣ 9.2. ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು, ವಿಫಲವಾಯಿತು ಅಂತ ತಿಳಿಸುವ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ಪ್ರತಿ, ಸಿಕ್ಕಿತು. ಮುಂದೇನಾಯಿತು ಅನ್ನುವುದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಬರೆದರು. ನಮಗೆ ಪಾಠ ಸೀದಾ ಇದೆ: ಡೇಟಾಬೇಸ್ ಮೇಲಕ್ಕೆ ಹೋದಾಗ ಬ್ಯಾಕಪ್ ಉಪಕರಣವೂ ಮೇಲಕ್ಕೆ ಹೋಯಿತಾ ನೋಡಿ. ಬ್ಯಾಕಪ್ ಫೈಲಿನ ಗಾತ್ರ ನೋಡಿ. ತೆರೆದು ನೋಡಿ.

ಪರೀಕ್ಷೆ ಯಾರು ಮಾಡಬೇಕು ಅನ್ನುವುದಕ್ಕೆ ನನ್ನ ಉತ್ತರ ಖಂಡಿತ: ಕೌಂಟರಿನಲ್ಲಿ ಕೂರುವವರು. ನಾವು ಸರಿ ಇರುವ ದಾರಿಯಲ್ಲೇ ನಡೆದು ಸರಿ ಇದೆ ಅನ್ನುತ್ತೇವೆ. ಕ್ಯಾಶಿಯರ್, ಮಂಡಿಯ ಗುಮಾಸ್ತರು, ಸಾಲದ ವಿಭಾಗದವರು ಮೂವರನ್ನೂ ಒಂದು ದಿನ ಕೂರಿಸಿ. ಕಳೆದ ವರ್ಷದ ಒಂದು ಗಡಿಬಿಡಿಯ ದಿನ ಆರಿಸಿ, ಅವತ್ತಿನ ವೋಚರ್ ಕಟ್ಟು ಕೊಟ್ಟು ಇಡೀ ದಿನವನ್ನು ಟೆಸ್ಟ್‌ನಲ್ಲಿ ಮತ್ತೆ ಹಾಕಿಸಿ. ರಾಶಿ ಇಡಿ, ಬೆಟ್ಟೆ, ಗೊರಬಲು, ಸರಕು ಎಲ್ಲ ಬಗೆಯ ಅಡಿಕೆಯ ಬಿಲ್ಲೂ ಬರಲಿ. ಸಾಲದ ಕಂತು ಹಿಡಿದುಕೊಂಡು ಉಳಿದದ್ದನ್ನು ಕೊಡುವ ಬಿಲ್ಲು ಬರಲಿ, ರದ್ದಾದ ಬಿಲ್ಲೂ ಬರಲಿ. ಸಂಜೆ ಅವತ್ತಿನ ಹಳೇ ಲೆಕ್ಕದ ಜೊತೆ ಕಾಸಿಗೆ ಕಾಸು ತಾಳೆಯಾಗಬೇಕು. ಬಡ್ಡಿಯಲ್ಲಿ ಒಂದು ಪೈಸೆ ವ್ಯತ್ಯಾಸ ಬಂದರೂ ಬಿಡಬೇಡಿ. ಒಂದು ಪೈಸೆ ಅಂದರೆ ಎಲ್ಲೋ ದಶಾಂಶವನ್ನು ಪೂರ್ಣಗೊಳಿಸುವ ಲೆಕ್ಕ ಬದಲಾಗಿದೆ ಅಂತ.

ಪ್ರಿಂಟರ್ ಮರೆಯಬೇಡಿ. ಪಾಸ್‌ಬುಕ್ಕಿನ ಸಾಲು ಅರ್ಧ ಇಂಚು ಕೆಳಗೆ ಬಂದರೆ ಸದಸ್ಯರ ಮಟ್ಟಿಗೆ ಅಪ್‌ಗ್ರೇಡ್ ಕೆಟ್ಟ ಹಾಗೆಯೇ. ಎಸ್‌ಎಂಎಸ್ ಕೂಡ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ಸಂದೇಶದ ಮಾದರಿ ಮೊದಲೇ ನೋಂದಣಿಯಾಗಿರಬೇಕು. ಹೊಸ ಆವೃತ್ತಿ ಸಂದೇಶದ ಮಾತು ಬದಲಿಸಿದ್ದರೆ ಅದು ನೋಂದಾಯಿಸಿದ ಮಾದರಿಗೆ ಹೊಂದದೆ ದಾರಿಯಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಎರರ್ ಕಾಣದೆಯೂ ಹೋಗಬಹುದು.

ದಿನ ಗೊತ್ತು ಮಾಡುವುದು

ತೋಟದವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಜೋರಾಗುವವರೆಗೆ ಕಾಯುವುದಿಲ್ಲ. ನಮಗೂ ಕಾಲ ನೋಡಬೇಕು. ಅಕ್ಟೋಬರ್‌ನಿಂದ ಕೊಯ್ಲು, ಆಮೇಲೆ ಮಂಡಿ ತುಂಬಿರುತ್ತದೆ. ಮಾರ್ಚ್‌ನಲ್ಲಿ ವರ್ಷದ ಲೆಕ್ಕ, ಸಾಲ ವಸೂಲಿ. ಜೂನ್‌ನಿಂದ ಆಗಸ್ಟ್ ಕೌಂಟರ್ ಖಾಲಿ, ಆದರೆ ಮರ ಬಿದ್ದು ಕರೆಂಟೂ ಹೋಗುತ್ತದೆ, ಕೇಬಲ್ಲೂ ಹರಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಮಹಾಸಭೆ. ಉಳಿಯುವುದು ಮೇ ತಿಂಗಳು. ಗುಡುಗು ಸಿಡಿಲು ಇರುತ್ತದೆ, ಯುಪಿಎಸ್ ಬ್ಯಾಟರಿ ಮತ್ತು ಜನರೇಟರ್ ಡೀಸೆಲ್ ಹಿಂದಿನ ದಿನವೇ ನೋಡಿಕೊಂಡರೆ ಸಾಕು. ಸಂಘಕ್ಕೆ ಸಂಘ ಬೇರೆ, ನಿಮ್ಮ ಕ್ಯಾಲೆಂಡರ್ ನೀವು ನೋಡಿ. ಶುಕ್ರವಾರ ಸಂಜೆ ಶುರು ಮಾಡಿ ಶನಿವಾರ ಬೆಳಿಗ್ಗೆ ಕೌಂಟರ್ ತೆರೆಯುವ ಸಾಹಸ ಮಾತ್ರ ಬೇಡ.

ಈಗ ಗಡಿಯಾರವನ್ನು ಹಿಂದಕ್ಕೆ ಓಡಿಸಿ. ಭಾನುವಾರ ಬೆಳಿಗ್ಗೆ 6ಕ್ಕೆ ಶುರು, ರಾತ್ರಿ 8ರೊಳಗೆ ಎಲ್ಲ ಸರಿ ಇರಬೇಕು ಅಂದುಕೊಳ್ಳಿ. ತಾಲೀಮಿನಲ್ಲಿ ಹಳೆಯದನ್ನು ವಾಪಸು ತರಲು 4 ಗಂಟೆ, ತಾಳೆ ನೋಡಲು 1 ಗಂಟೆ ಹಿಡಿದಿದೆ. ಹಾಗಾದರೆ ಮಧ್ಯಾಹ್ನ 3 ಗಂಟೆ ನಿಮ್ಮ ಕೊನೆಯ ತಿರುವು. 3ಕ್ಕೆ ಹೊಸದು ನಿಂತಿಲ್ಲ ಅಂದರೆ ವಾಪಸು. ‘ಇನ್ನು ಹತ್ತೇ ನಿಮಿಷ’ ಅನ್ನುವ ಮಾತು ಆಗ ಖಂಡಿತ ಬರುತ್ತದೆ. ಅದಕ್ಕೇ ಆ ನಿರ್ಧಾರ ಕೀಬೋರ್ಡ್ ಮುಂದೆ ಕೂತವರದ್ದಾಗಿರಬಾರದು. ನಮ್ಮಲ್ಲಿ ಮ್ಯಾನೇಜರ್ ಬಂದು ಕೂರುತ್ತಾರೆ. ಅವರಿಗೆ ಡೇಟಾಬೇಸ್ ಗೊತ್ತಿಲ್ಲ, ಗಡಿಯಾರ ಗೊತ್ತು.

ಆ ಭಾನುವಾರ

ಹಾಳೆ ಚೆನ್ನಾಗಿದ್ದರೆ ಈ ದಿನ ಬೇಸರ ಬರಿಸುವಷ್ಟು ಸಪ್ಪೆಯಾಗಿರುತ್ತದೆ. ಕ್ರಮ ಹೀಗೆ:

• ಎಲ್ಲ ಶಾಖೆಯ ಲಾಗಿನ್ ಮುಚ್ಚುವುದು, ರಾತ್ರಿಯ ತಾನಾಗಿ ಓಡುವ ಕೆಲಸಗಳನ್ನು ನಿಲ್ಲಿಸುವುದು.
• ಮುಚ್ಚುವ ಹೊತ್ತಿನ ಲೆಕ್ಕ ಬರೆದಿಡುವುದು: ಖಾತೆಗಳ ಸಂಖ್ಯೆ, ಠೇವಣಿ ಮತ್ತು ಸಾಲದ ಒಟ್ಟು ಮೊತ್ತ, ಪ್ರತಿ ಶಾಖೆಯ ಕೊನೆಯ ರಸೀದಿ ನಂಬರ್.
• ಕೊನೆಯ ಬ್ಯಾಕಪ್. ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಬೇರೆ ಮೆಷಿನ್‌ನಲ್ಲಿ ತೆರೆದು ನೋಡುವುದು.
• ಹಾಳೆಯಲ್ಲಿರುವ ಹಾಗೆ ಅಪ್‌ಗ್ರೇಡ್. ಒಬ್ಬರು ಓದುವುದು, ಒಬ್ಬರು ಹೊಡೆಯುವುದು.
• ಅದೇ ಲೆಕ್ಕ ಮತ್ತೆ ತೆಗೆದು ತಾಳೆ ನೋಡುವುದು.
• ಒಂದು ಶಾಖೆಯವರು ಬಂದು ಒಂದು ರೂಪಾಯಿಯ ಜಮೆ, ಒಂದು ರೂಪಾಯಿಯ ಖರ್ಚು, ಒಂದು ಪ್ರಿಂಟು ಮಾಡಿ ನೋಡುವುದು.

ಶಾಖೆಗಳ ಕಂಪ್ಯೂಟರಿನಲ್ಲೂ ಹೊಸ ಪ್ರೋಗ್ರಾಂ ಹಾಕಬೇಕಿದ್ದರೆ ಪಟ್ಟಿ ಇಟ್ಟುಕೊಂಡು ಒಂದೊಂದೇ ಗುರುತು ಹಾಕಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ವ್ಯವಹಾರದ ಕಂಪನಿಯಲ್ಲಿ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಪ್ರೋಗ್ರಾಂ ಹೋಗಿರಲಿಲ್ಲ. ಆ ಒಂದರಲ್ಲಿ ಹಳೇ ಕೋಡ್ ಎದ್ದು ಕೂತು ಸುಮಾರು 45 ನಿಮಿಷ ಮನಸ್ಸಿಗೆ ಬಂದ ಹಾಗೆ ಕೊಂಡು ಮಾರಿತು. ನಷ್ಟ ಸುಮಾರು 44 ಕೋಟಿ ಡಾಲರ್. ನಮ್ಮಲ್ಲಿ ಅಷ್ಟು ದುಡ್ಡಿಲ್ಲ, ಆದರೆ ಆ ಎಂಟನೇ ಸರ್ವರ್ ನಮ್ಮಲ್ಲೂ ಇತ್ತು. ಹೊಸನಗರ ಕಡೆಯ ಒಂದು ಶಾಖೆಯಲ್ಲಿ ಆ ಭಾನುವಾರ ಕರೆಂಟ್ ಇರಲಿಲ್ಲ. ನಾಳೆ ಮಾಡಿದರಾಯಿತು ಅಂತ ಬಿಟ್ಟೆ. ಸೋಮವಾರ ಅವರು ಹಳೇ ಪ್ರೋಗ್ರಾಂನಲ್ಲೇ ರಸೀದಿ ಹಾಕತೊಡಗಿದರು. ಈಗ ಸರ್ವರ್‌ನಲ್ಲೇ ಒಂದು ಕಾವಲು ಇಟ್ಟಿದ್ದೇನೆ: ಹಳೇ ಆವೃತ್ತಿಯಿಂದ ಯಾರು ಬಂದರೂ ಒಳಗೆ ಬಿಡುವುದಿಲ್ಲ, ‘ಶಿವಮೊಗ್ಗಕ್ಕೆ ಫೋನ್ ಮಾಡಿ’ ಅಂತ ಪರದೆಯಲ್ಲಿ ಬರುತ್ತದೆ.

ಸೋಮವಾರದ ಮೊದಲ ರಸೀದಿ

ಭಾನುವಾರ ರಾತ್ರಿಯವರೆಗೆ ವಾಪಸು ಬರುವುದು ಸುಲಭ. ಸೋಮವಾರ ಮೊದಲ ರಸೀದಿ ಬಿದ್ದ ಕ್ಷಣದಿಂದ ಲೆಕ್ಕ ಬೇರೆ. ಹಳೆಯದಕ್ಕೆ ಹೋದರೆ ಆ ರಸೀದಿ ಕಳೆದುಹೋಗುತ್ತದೆ. ಹಾಗಾಗಿ ಮೊದಲ ಎರಡು ದಿನ ಪ್ರತಿ ಕೌಂಟರಿನಲ್ಲೂ ಕಾರ್ಬನ್ ಹಾಕಿದ ರಸೀದಿ ಪುಸ್ತಕ ಇಡುತ್ತೇವೆ. ಕಂಪ್ಯೂಟರಿನ ಜೊತೆ ಅದರಲ್ಲೂ ಬರೆಯುತ್ತಾರೆ. ಗೊಣಗುತ್ತಾರೆ, ಬರೆಯುತ್ತಾರೆ. ವಾಪಸು ಹೋಗಲೇಬೇಕಾದರೆ ಆ ಪುಸ್ತಕ ನೋಡಿ ಮತ್ತೆ ಎಂಟ್ರಿ ಹಾಕಬಹುದು. ಸಾವಿರಾರು ಎಂಟ್ರಿ ಬಿದ್ದ ಮೇಲೆ ವಾಪಸು ಹೋಗುವ ಮಾತಿಲ್ಲ, ಇದ್ದಲ್ಲೇ ರಿಪೇರಿ. ಯಾವ ಹೊತ್ತಿನಿಂದ ಇದ್ದಲ್ಲೇ ರಿಪೇರಿ ಅನ್ನುವುದನ್ನೂ ಮೊದಲೇ ಹಾಳೆಯಲ್ಲಿ ಬರೆದಿಡಿ.

ಡೇಟಾಬೇಸ್ ಒಂದೇ ಆದ್ದರಿಂದ ಶಾಖೆ ಶಾಖೆಯಾಗಿ ದಾಟಿಸಲು ಆಗುವುದಿಲ್ಲ. ಆದರೆ ಅಪ್ಲಿಕೇಶನ್ ಮಾತ್ರ ಬದಲಾಗುವಾಗ ಖಂಡಿತ ಆಗುತ್ತದೆ. ಮೊದಲು ಶಿವಮೊಗ್ಗದ ಕೌಂಟರ್, ಎರಡು ದಿನ ಬಿಟ್ಟು ಒಂದು ಸಣ್ಣ ಶಾಖೆ, ಆಮೇಲೆ ಉಳಿದವರು. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ಹೊದ್ದು ಮಲಗಿದವಲ್ಲ, ಅಲ್ಲೂ ಆದದ್ದು ಇದೇ: ಅಪ್‌ಡೇಟ್ ಎಲ್ಲರಿಗೂ ಒಂದೇ ಸಲ ಹೋಯಿತು.

ಮೊದಲ ವಾರ ದಿನಾ ಬೆಳಿಗ್ಗೆ ನಾನು ನೋಡುವುದು ಮೂರು. ರಾತ್ರಿಯ ಬ್ಯಾಕಪ್ ಹೊಸ ಆವೃತ್ತಿಯಲ್ಲಿ ಬಂದಿದೆಯಾ. ಬಡ್ಡಿಯ ಕೆಲಸ ಒಂದೇ ಸಲ ಓಡಿದೆಯಾ. ಯಾವ ರಿಪೋರ್ಟ್ ಮೊದಲಿಗಿಂತ ನಿಧಾನವಾಗಿದೆ. ಶಾಖೆಗಳಿಂದ ಬರುವ ದೂರನ್ನು ಒಂದೇ ವಾಟ್ಸಾಪ್ ಗ್ರೂಪಿಗೆ ಹಾಕಲು ಹೇಳಿರುತ್ತೇನೆ, ಫೋಟೋ ಸಮೇತ. ಫೋನಿನಲ್ಲಿ ‘ಬರ್ತಿಲ್ಲ ಸರ್’ ಅಂದರೆ ಏನು ಬರುತ್ತಿಲ್ಲ ಅಂತ ತಿಳಿಯಲು ಅರ್ಧ ಗಂಟೆ ಬೇಕು.

ಹಳೇ ಸರ್ವರ್ ಆಫ್ ಮಾಡಿ, ನೆಟ್‌ವರ್ಕ್ ಕೇಬಲ್ ಕಿತ್ತು ಇಡಿ. ಬರೀ ಆಫ್ ಸಾಲದು. ಕರೆಂಟ್ ಹೋಗಿ ಬಂದಾಗ ಕೆಲವು ಮೆಷಿನ್ ತಾವಾಗಿ ಏಳುತ್ತವೆ, ಎದ್ದ ಕೂಡಲೇ ರಾತ್ರಿಯ ಕೆಲಸ ಶುರು ಮಾಡುತ್ತವೆ, ಸದಸ್ಯರಿಗೆ ಒಂದೇ ಎಸ್‌ಎಂಎಸ್ ಎರಡು ಸಲ ಹೋಗುತ್ತದೆ. ಒಂದು ತಿಂಗಳ ಲೆಕ್ಕ, ಒಂದು ಬಡ್ಡಿ ಹಾಕುವ ದಿನ, ಒಂದು ಆಡಿಟ್ ಭೇಟಿ, ಇಷ್ಟು ದಾಟುವವರೆಗೆ ಅದನ್ನು ಮುಟ್ಟಬೇಡಿ. ನಮ್ಮದು ಈಗಲೂ ಅಟ್ಟದ ಪಕ್ಕದ ಕೋಣೆಯಲ್ಲಿದೆ. ಮೇಲೊಂದು ಚೀಟಿ ಅಂಟಿಸಿದ್ದೇನೆ: ಆವೃತ್ತಿ, ನಿಲ್ಲಿಸಿದ ತಾರೀಖು, ಕೊನೆಯ ರಸೀದಿ ನಂಬರು. ಕೆಳಗೆ ಜೊತೆಯವರು ಪೆನ್ಸಿಲಿನಲ್ಲಿ ಸೇರಿಸಿದ್ದಾರೆ, ‘ದೀಪಾವಳಿ ಆದಮೇಲೆ ಕೇಳಿ’ ಅಂತ.